ಅಕ್ಕನ ಐದು ಗಂಟೆ

ಹೋದ ತಿಂಗಳು ಹೆಬ್ಬಾಳದ ಮೇಲ್ಸೇತುವೆಯ ಪಕ್ಕದ ಕಣ್ಣಾಸ್ಪತ್ರೆಗೆ ಹೋಗಿದ್ದೆ. ಪೊರೆ ತೆಗೆಸಿಕೊಂಡ ಮೇಲೆ ಆಗಾಗ ಬಂದು ತೋರಿಸಿ ಹೋಗಬೇಕೆಂದು ಅವರ ಅಪ್ಪಣೆ. ಸರದಿಗೆ ಕಾಯುತ್ತ ಕೂತಿದ್ದಾಗ ಎದುರಿನ ಸ್ಟೀಲು ತಟ್ಟೆಯಲ್ಲಿ ಒಂದು ಪುಟ್ಟ ರಬ್ಬರು ಬಟ್ಟಲು ಕಂಡಿತು. ಕಡಲೆಕಾಳಿನಷ್ಟು ಬಾಯಿ, ಕೆಳಗೆ ಬೆರಳಲ್ಲಿ ಹಿಡಿಯಲು ಒಂದು ತೊಟ್ಟು. ಕಣ್ಣಿಗೆ ಹಾಕಿದ ಗಟ್ಟಿ ಲೆನ್ಸನ್ನು ಕಚ್ಚಿ ಹಿಡಿದು ಈಚೆಗೆ ತೆಗೆಯುವ ಸಾಧನ ಅದು. ನಾನು ಅದನ್ನು ಕೊನೆಯ ಸಲ ನೋಡಿದ್ದು ಅರವತ್ತರ ದಶಕದಲ್ಲಿ, ಇದೇ ಹೆಬ್ಬಾಳದಲ್ಲಿ.

ಪಕ್ಕದ ಕುರ್ಚಿಯಲ್ಲಿ ಒಬ್ಬ ಕಾಲೇಜು ಹುಡುಗಿ ಕೂತಿದ್ದಳು. ಅವಳ ಕಣ್ಣಗುಡ್ಡೆಯ ಮುಂಭಾಗ ಮೊನಚಾಗುತ್ತಿದೆಯಂತೆ, ಕನ್ನಡಕದಿಂದ ಪ್ರಯೋಜನವಿಲ್ಲವಂತೆ, ವಿಶೇಷ ಲೆನ್ಸೇ ಬೇಕಂತೆ. ಬಿಳಿ ಕೋಟು ತೊಟ್ಟ ಹೆಣ್ಣುಮಗಳೊಬ್ಬಳು ಅವಳನ್ನು ಒಂದೊಂದಾಗಿ ಕೇಳುತ್ತಿದ್ದಳು. ದಿನವೆಲ್ಲ ಏನು ಮಾಡುತ್ತೀರಿ, ಧೂಳಿನಲ್ಲಿ ಓಡಾಟವಿದೆಯಾ, ಎಷ್ಟು ಹೊತ್ತು ಹಾಕಿಕೊಂಡಿರಬೇಕಾಗುತ್ತೆ, ಚೆನ್ನಾಗಿ ಕಂಡರೆ ಮೊದಲು ಏನು ನೋಡಬೇಕು ಅಂತ ಆಸೆ... ಹುಡುಗಿಯ ಅಪ್ಪ ನಡುವೆ ಬಾಯಿ ಹಾಕಿದ. "ಸಾರ್, ಅವರೇ ಹೇಳಲಿ ಬಿಡಿ" ಎಂದು ಅವನನ್ನು ಸುಮ್ಮನಾಗಿಸಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಹೆಣ್ಣುಮಗಳ ಮೇಲಲ್ಲ, ಅವಳ ಕೈಗೆ ಪುಣ್ಯ ಬರಲಿ. ಇಷ್ಟು ಸಣ್ಣ ಮಾತನ್ನು ಅಕ್ಕನನ್ನು ಯಾರೂ ಕೇಳಲಿಲ್ಲವಲ್ಲ ಎಂದು. ಎಂಬತ್ತು ದಾಟಿದ ಮೇಲೆ ಸಿಟ್ಟು ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ನನಗಂತೂ ಇಳಿದಿಲ್ಲ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ನಾವು ಬಾಡಿಗೆಗಿದ್ದ ಮನೆಯ ಯಜಮಾನರ ಹಿರಿಸೊಸೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡನಿಗೆ ಹೆಬ್ಬಾಳದ ಹೈನು ಫಾರಮ್ಮಿನಲ್ಲಿ ಕೆಲಸವಾಯಿತು. ಕೆರೆಯ ಹಿಂದೆ ದ್ರಾಕ್ಷಿತೋಟವಿದ್ದ ಒಂದು ದೊಡ್ಡ ಒಕ್ಕಲು ಮನೆಯವರು ತಮ್ಮ ಹಿತ್ತಿಲಿಗೆ ಸೇರಿದ್ದ ಪುಟ್ಟ ಮನೆಯನ್ನು ನಮಗೆ ಬಾಡಿಗೆಗೆ ಕೊಟ್ಟರು. ನಡುವೆ ಇದ್ದದ್ದು ಒಂದು ಮೋಟು ಗೋಡೆ. ಅದರಾಚೆಯಿಂದ ಮೊದಲ ದಿನವೇ ನನಗೆ ಹುಳಿಸೊಪ್ಪಿನ ಸಾರು ಕೊಟ್ಟವಳು ಅಕ್ಕ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಪಾತ್ರೆಯನ್ನು ಗೋಡೆಯ ಮೇಲಿಡುವ ಮುಂಚೆ ಎಡಗೈಯಿಂದ ಗೋಡೆಯನ್ನು ಸವರಿ ನೋಡಿದಳು. ಅದು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಆಮೇಲೆ ತಿಳಿಯಿತು. ಒಂದು ದೀಪ ಹಚ್ಚಿದರೆ ಅವಳಿಗೆ ಏಳೆಂಟು ದೀಪ ಕಾಣುತ್ತಿದ್ದವು, ಒಂದರ ಮೇಲೊಂದು ಜರುಗಿ ಬಿದ್ದ ಹಾಗೆ. ಮನುಷ್ಯರನ್ನು ನಡಿಗೆಯಿಂದ, ಕೆಮ್ಮಿನಿಂದ ಗುರುತು ಹಿಡಿಯುತ್ತಿದ್ದಳು. ಏಳನೇ ಕ್ಲಾಸಿನಲ್ಲಿದ್ದಾಗ ಕಪ್ಪುಹಲಗೆಯ ಅಕ್ಷರಗಳು ಕಲಸಿಹೋಗಲು ಶುರುವಾದವಂತೆ. ಮೇಷ್ಟ್ರು ದಡ್ಡಿ ಎಂದು ಬೆಂಚಿನ ಮೇಲೆ ನಿಲ್ಲಿಸಿದರು, ಅಪ್ಪ ದಡ್ಡಿಗೆ ಶಾಲೆ ಯಾಕೆಂದು ಬಿಡಿಸಿದ. ಆ ಹುಡುಗಿಗೆ ಕಣ್ಣು ಕಾಣಿಸುತ್ತದೆಯೋ ಇಲ್ಲವೋ ಎಂದು ಒಬ್ಬ ಗಂಡಸಿಗಾದರೂ ಅನುಮಾನ ಬರಬಾರದೆ?

ಅತ್ತೆಮನೆಯಲ್ಲಿ ಅವಳ ದೊಡ್ಡ ಅಪರಾಧವೆಂದರೆ ಅನ್ನದಲ್ಲಿ ಕಲ್ಲು. ಆಗಿನ ಅಕ್ಕಿ ಈಗಿನ ಹಾಗೆ ಚೀಲದಿಂದ ನೇರವಾಗಿ ಪಾತ್ರೆಗೆ ಬೀಳುವ ಅಕ್ಕಿಯಲ್ಲ. ಮೊರಕ್ಕೆ ಹಾಕಿ, ಬೆಳಕಿಗೆ ಕೂತು ಒಂದೊಂದು ಹಿಡಿಯಾಗಿ ಆರಿಸಬೇಕಿತ್ತು. ಅಕ್ಕ ಬೆರಳಲ್ಲಿ ತಡವಿ ಆರಿಸುತ್ತಿದ್ದಳು. ಆದರೂ ಒಂದೆರಡು ಉಳಿದುಬಿಡುತ್ತಿದ್ದವು. ಊಟದ ನಡುವೆ ಹಲ್ಲಿಗೆ ಕಟಕ್ ಎಂದರೆ ಸಾಕು, ಗಂಡಸರು ತಟ್ಟೆ ದೂಡಿ ಏಳುತ್ತಿದ್ದರು. ಆಮೇಲೆ ಅತ್ತೆಯ ಬಾಯಿ ನಮ್ಮ ಹಿತ್ತಿಲಿಗೂ ಕೇಳಿಸುತ್ತಿತ್ತು.

ಫಾರಮ್ಮಿಗೆ ಬಂದುಹೋಗುವ ಒಬ್ಬರಿಂದ ನನ್ನ ಗಂಡನಿಗೆ ಒಂದು ವಿಷಯ ಗೊತ್ತಾಯಿತು. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಒಬ್ಬ ಕಣ್ಣಿನ ಡಾಕ್ಟರಿದ್ದಾರೆ, ಪರದೇಶದಲ್ಲಿ ಕಲಿತು ಬಂದಿದ್ದಾರೆ, ಕನ್ನಡಕ ಹತ್ತದ ಕಣ್ಣಿಗೆ ಕಣ್ಣೊಳಗೇ ಇಡುವ ಲೆನ್ಸ್ ಮಾಡಿಸಿಕೊಡುತ್ತಾರೆ ಎಂದು. ನಾನು ಅದನ್ನು ಅಕ್ಕನ ಕಿವಿಗೆ ಹಾಕಿದೆ. ಅವಳು ಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟಳು. ಮನೆಯಲ್ಲಿ ಒಪ್ಪಿಸಲು ತಿಂಗಳುಗಟ್ಟಲೆ ಹಿಡಿಯಿತು. ಕಣ್ಣೊಳಗೆ ಗಾಜು ಇಡುವುದೆಂದರೆ ಅತ್ತೆ ಹೌಹಾರಿದರು. ಕೊನೆಗೆ ಒಪ್ಪಿದ್ದು ಅನ್ನದಲ್ಲಿ ಕಲ್ಲು ತಪ್ಪುತ್ತದೆ ಎಂಬ ಒಂದೇ ಮಾತಿಗೆ.

ಅಕ್ಕ, ಅವಳ ಗಂಡ, ಇಂಗ್ಲಿಷು ಬಲ್ಲವಳೆಂದು ನಾನು, ಮೂವರೂ ಬಸ್ಸು ಹತ್ತಿ ದಂಡಿಗೆ ಹೋದೆವು. ಡಾಕ್ಟರು ಕೆಟ್ಟವರಲ್ಲ. ಅವಳ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕಣ್ಣಿನ ಮುಂದಿನ ಗಾಜಿನಂಥ ಪದರ ಮಾವಿನಮಿಡಿಯ ತುದಿಯ ಹಾಗೆ ಚೂಪಾಗಿದೆ ಎಂದು ನಮಗೆ ಅರ್ಥವಾಗುವಂತೆ ಹೇಳಿದರು. ಬಿಳಿಗುಡ್ಡೆಯನ್ನೂ ಮುಚ್ಚುವಷ್ಟು ದೊಡ್ಡ ಲೆನ್ಸು, ಒಳಗೆ ಔಷಧದ ನೀರು ತುಂಬಿ ಇಡಬೇಕು, ಆಗ ಎಲ್ಲ ಸ್ಪಷ್ಟವಾಗುತ್ತದೆ. ಆದರೆ ದಿನಕ್ಕೆ ಐದು ಗಂಟೆ ಮಾತ್ರ. ಅದನ್ನು ಮೀರಿದರೆ ಕಣ್ಣಿಗೆ ಮಂಜು ಕವಿಯುತ್ತದೆ, ಹುಣ್ಣಾಗಲೂಬಹುದು ಎಂದರು.

ಆಮೇಲೆ ಪ್ರಶ್ನೆಗಳು. ಇವರಿಗೆ ಮನೆಯಲ್ಲಿ ಏನೇನು ಕೆಲಸ? ಒಲೆಯ ಹೊಗೆ ಇದೆಯೇ? ಇವರು ಜಾಗ್ರತೆಯ ಮನುಷ್ಯರೇ? ಇಷ್ಟನ್ನೂ ಡಾಕ್ಟರು ಕೇಳಿದ್ದು ಅವಳ ಗಂಡನನ್ನು. ಅವನು ಹೂಂ, ಊಹೂಂ ಎನ್ನುತ್ತ ಟೋಪಿ ತಿರುಗಿಸುತ್ತಿದ್ದ. ಅಕ್ಕ ಅವನ ಪಕ್ಕದಲ್ಲೇ ಕೂತಿದ್ದಳು, ಬಾಯಿ ಇತ್ತು, ಮಾತಿತ್ತು. ಅವಳನ್ನೇ ಕೇಳಿ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ನನ್ನ ಕಡೆ ನೋಡಿ ನಕ್ಕು, ಮತ್ತೆ ಅವಳ ಗಂಡನ ಕಡೆಗೇ ತಿರುಗಿದರು. ಕಲಿತವರು ಕಲಿಯದವರು ಎಂಬ ಭೇದ ಆ ವಿಷಯದಲ್ಲಿ ಇರಲಿಲ್ಲ.

ಲೆನ್ಸ್ ಬಂದದ್ದು ಬೇಸಗೆಯಲ್ಲಿ. ಅದನ್ನು ಹಾಕಿಕೊಳ್ಳುವುದನ್ನು ಅಕ್ಕ ಮೂರೇ ದಿನದಲ್ಲಿ ಕಲಿತಳು. ನೆಲದ ಮೇಲೆ ಬಟ್ಟೆ ಹಾಸಿ, ಮುಖವನ್ನು ನೆಲಕ್ಕೆ ನೇರವಾಗಿ ಬಗ್ಗಿಸಿ, ನೀರು ತುಳುಕದ ಹಾಗೆ ಕೆಳಗಿನಿಂದ ಮೇಲಕ್ಕೆ ತಂದು ಇಟ್ಟುಕೊಳ್ಳಬೇಕು. ಒಳಗೆ ಗಾಳಿಗುಳ್ಳೆ ನಿಂತರೆ ಮತ್ತೆ ತೆಗೆದು ಮತ್ತೆ ಹಾಕಬೇಕು. ಕಣ್ಣಲ್ಲಿ ಧಾರಾಕಾರ ನೀರು. ಒಂದು ಸಲವೂ ಅಯ್ಯೋ ಎನ್ನಲಿಲ್ಲ ಆಕೆ.

ಲೆನ್ಸ್ ಸರಿಯಾಗಿ ಕೂತ ಮೊದಲ ದಿನ ತಲೆಯೆತ್ತಿ ಹಿತ್ತಿಲಿನ ಹುಣಸೆಮರವನ್ನು ನೋಡಿದಳು. ಮರಕ್ಕೆ ಎಲೆಗಳು ಬೇರೆಬೇರೆಯಾಗಿ ಇರುತ್ತವೆ ಎಂಬುದನ್ನೇ ಮರೆತುಬಿಟ್ಟಿದ್ದೆ ಎಂದಳು. ನನ್ನ ಮುಖ ನೋಡಿ, ಮೂಗುತಿ ಇಷ್ಟು ಚಿಕ್ಕದಾ ಎಂದು ಕೇಳಿದಳು. ಇಬ್ಬರೂ ನಗುತ್ತಿದ್ದೆವು. ಅಷ್ಟರಲ್ಲಿ ಅತ್ತೆ ಬಂದು ಅವಳ ಮುಂದೆ ಅಕ್ಕಿಯ ಮೊರ ಇಟ್ಟರು.

ಅಲ್ಲಿಂದ ಶುರುವಾಯಿತು. ಆ ಮನೆಯಲ್ಲಿ "ಕಣ್ಣಿನ ಕೆಲಸ" ಎಂಬ ಹೊಸ ಮಾತೇ ಹುಟ್ಟಿತು. ದಿನದ ಕಣ್ಣಿನ ಕೆಲಸವನ್ನೆಲ್ಲ ಕೂಡಿಟ್ಟು ಅವಳ ಐದು ಗಂಟೆಗೆ ತುರುಕುತ್ತಿದ್ದರು. ಅಕ್ಕಿ, ರಾಗಿ, ಬೇಳೆ ಆರಿಸುವುದು. ಮಕ್ಕಳ ತಲೆಯ ಹೇನು. ಅತ್ತೆಯ ಸೂಜಿಗೆ ದಾರ. ಕೂಲಿಯವರ ಕಾಲಿನ ಮುಳ್ಳು. ಸುಗ್ಗಿ ಬಂದರೆ ದ್ರಾಕ್ಷಿ ಗೊಂಚಲಿನಿಂದ ಕೊಳೆತ ಕಾಯಿಯನ್ನು ಸಣ್ಣ ಕತ್ತರಿಯಲ್ಲಿ ಒಂದೊಂದಾಗಿ ತೆಗೆಯುವುದು. ಅವಳ ಕಣ್ಣಿನ ಸುದ್ದಿ ಹಬ್ಬಿ ಬೀದಿಯ ಹೆಂಗಸರೂ ಸೂಜಿ ಹಿಡಿದು ಬರತೊಡಗಿದರು. ಲೆನ್ಸ್ ಇದ್ದರೆ ಮಾಮೂಲಿ ಮನುಷ್ಯರಿಗಿಂತ ಹೆಚ್ಚು ಕಾಣುತ್ತದೆ ಎಂದು ನಂಬಿ ಒಬ್ಬಾಕೆ ತನ್ನ ಕೂಸನ್ನು ತಂದು, ಇದರ ಹೊಟ್ಟೆಯಲ್ಲಿ ಏನಿದೆ ನೋಡು ತಾಯಿ ಎಂದಳು. ಅತ್ತೆಗೆ ಹೆಮ್ಮೆಯೋ ಹೆಮ್ಮೆ. ತಮ್ಮದೇ ಕಣ್ಣೆಂಬ ಹಾಗೆ ಓಡಾಡುತ್ತಿದ್ದರು.

ಐದು ಗಂಟೆ ಮುಗಿದು ಲೆನ್ಸ್ ತೆಗೆದರೆ ಅಕ್ಕನ ಕಣ್ಣು ಕೆಂಪಗೆ ಊದಿರುತ್ತಿತ್ತು. ಆಮೇಲೆ ಮಿಕ್ಕ ದಿನವೆಲ್ಲ ಅದೇ ಹಳೆಯ ಕಲಸುಮೇಲೋಗರ. ಆ ಹೊತ್ತಿನಲ್ಲಿ ಅವಳು ಗೋಡೆಯ ಹತ್ತಿರ ಬಂದು ನನ್ನೊಡನೆ ಮಾತಾಡುತ್ತಿದ್ದಳು. ನನಗೆ ಹೊಳೆದದ್ದು ಆಗಲೇ. ನನ್ನ ಜೊತೆ ಇರುವಾಗ ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಅವಳಿಗೆ ಕಾಣುವ ಹೊತ್ತೆಲ್ಲ ಮೊರಕ್ಕೆ ಹೋಗುತ್ತಿತ್ತು.

ಅವಳಿಗೊಂದು ಆಸೆಯಿತ್ತು. ಜಕ್ಕೂರಿನ ಕಡೆಯಿಂದ ದಿನವೂ ಸಣ್ಣ ವಿಮಾನಗಳು ನಮ್ಮ ಕೆರೆಯ ಮೇಲೆ ಸುತ್ತು ಹೊಡೆಯುತ್ತಿದ್ದವು, ಹಾರಲು ಕಲಿಯುವವರ ವಿಮಾನಗಳು. ಶಬ್ದ ಬಂದ ಕೂಡಲೇ ಊರಿನವರೆಲ್ಲ ತಲೆಯೆತ್ತಿ ಅಗೋ ಎಂದು ತೋರಿಸುವರು. ಅಕ್ಕನೂ ತಲೆಯೆತ್ತುವಳು. ಮದುವೆಯಾಗಿ ಬಂದಂದಿನಿಂದ ಶಬ್ದವೊಂದನ್ನೇ ಕೇಳಿದ್ದಾಳೆ, ವಿಮಾನವನ್ನು ಒಮ್ಮೆಯೂ ಕಂಡಿಲ್ಲ. ಕೆರೆ ಏರಿಯ ಮೇಲೆ ಅರ್ಧ ಗಂಟೆ ಕೂತು ನೋಡಿ ಬರುತ್ತೇನೆ ಎಂದು ಅತ್ತೆಯನ್ನು ಕೇಳಿದಳು. "ಇಮಾನ ನೋಡುದ್ರೆ ಒಟ್ಟೆ ತುಂಬ್ತದಾ?" ಎಂದರು ಅತ್ತೆ. ಗದರಿ ಹೇಳಿದ ಮಾತಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ ಮಾತು. ಅದಕ್ಕೇ ನನಗೆ ಇನ್ನೂ ಮೈ ಉರಿಯುವುದು.

ಒಂದು ದಿನ ಅತ್ತೆ ಯಲಹಂಕದ ನೆಂಟರ ಮನೆಗೆ ಹೋಗಿದ್ದಾಗ ನಾನೇ ಅವಳನ್ನು ಹೊರಡಿಸಿಕೊಂಡು ಹೋದೆ. ಮೊರ ಹಾಗೇ ಇರಲಿ ಎಂದೆ. ಏರಿಯ ಮೇಲೆ ಕೂತೆವು. ವಿಮಾನ ಬೇಗ ಬರಲಿಲ್ಲ. ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಸೀರೆಯ ಬಣ್ಣಗಳನ್ನು ಅವಳು ಒಂದೊಂದಾಗಿ ಹೇಳಿದಳು. ನೀರುಕೋಳಿಗೆ ಕಾಲಿನಲ್ಲಿ ಅಷ್ಟು ಉದ್ದ ಬೆರಳಿರುವುದು ಅವಳಿಗೆ ಗೊತ್ತೇ ಇರಲಿಲ್ಲ. ಆಮೇಲೆ ಶಬ್ದ ಬಂತು. ಹಳದಿ ಬಣ್ಣದ ಪುಟ್ಟ ವಿಮಾನ ತಗ್ಗಿನಲ್ಲೇ ಬಂದು, ನಮ್ಮ ತಲೆಯ ಮೇಲೆ ಓರೆಯಾಗಿ ತಿರುಗಿತು. ಒಳಗೆ ಕೂತವನ ತಲೆ ಕಾಣಿಸುತ್ತಿದೆ ಎಂದಳು. ನನಗೆ ಕಾಣಿಸಲಿಲ್ಲ, ಆದರೆ ಅವಳಿಗೆ ಕಂಡಿತು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಲೆನ್ಸಿನ ನೀರೋ ಏನೋ...

ವಾಪಸು ಬರುವಾಗ ಅವಳು ಹೇಳಿದ ಮಾತು ಇದು: "ನೋಡಾದೂ ಒಂದ್ ಕೆಲ್ಸ ಅಲ್ವೇನೆ? ನಂಗೆ ದಿನಾ ಒಂದ್ ಗಂಟೆ ಸಾಕು. ಸುಮ್ಕೆ ನೋಡಕ್ಕೆ."

ಆ ವರ್ಷದ ಆಯುಧಪೂಜೆಯ ದಿನ ಬೆಳಿಗ್ಗೆ ಕುಂಕುಮ ಕೊಡಲು ಕರೆದರೆಂದು ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಮಣೆ ಹಾಕಿ ಗುದ್ದಲಿ, ಕುಡುಗೋಲು, ಬಳ್ಳಿ ಸವರುವ ಕತ್ತರಿ, ಪಂಪಿನ ಸ್ಪ್ಯಾನರು, ತಕ್ಕಡಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದರು. ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂ ಮುಡಿಸಿದ್ದರು. ಕತ್ತರಿಗೂ ತಕ್ಕಡಿಗೂ ನಡುವೆ ಅಕ್ಕನ ಲೆನ್ಸಿನ ಡಬ್ಬಿ. ಅದರ ಮುಚ್ಚಳದ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ.

ಪೂಜೆಗಿಟ್ಟ ಆಯುಧವನ್ನು ಆವತ್ತು ಮುಟ್ಟುವಂತಿಲ್ಲ. ಹಬ್ಬದ ದಿನ, ಕೆಲಸ ಕಡಿಮೆ, ಆವತ್ತಾದರೂ ತಾನು ಬೇಕಾದ್ದನ್ನು ನೋಡಬಹುದೆಂದು ಅಕ್ಕ ಕಾದಿದ್ದಳು. ಹಬ್ಬದ ಸೀರೆಯುಟ್ಟು, ಗೋಡೆ ಸವರಿಕೊಂಡು ಓಡಾಡುತ್ತಿದ್ದಳು. ಅತ್ತೆ ಭಕ್ತಿಯಿಂದಲೇ ಇಟ್ಟದ್ದು, ನನಗೆ ಸಂದೇಹವಿಲ್ಲ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿರಲಿಲ್ಲ. ಆದರೆ ಗುದ್ದಲಿ ಯಾರದು? ಮನೆಯದು. ತಕ್ಕಡಿ ಯಾರದು? ಮನೆಯದು. ಅಕ್ಕನ ಕಣ್ಣೂ ಆ ಸಾಲಿನಲ್ಲೇ ಕೂತಿತ್ತು. ಮಾರನೆಯ ದಿನ ಮುಚ್ಚಳದ ಕುಂಕುಮ ಒಳಗೆ ಉದುರಿ, ಎರಡು ವಾರ ಅವಳು ಕಣ್ಣು ಬಿಡಲಾಗದೆ ಒದ್ದಾಡಿದಳು. ಆ ಎರಡು ವಾರ ಮನೆಯವರ ಚಿಂತೆಯೆಲ್ಲ ಅಕ್ಕಿ ಯಾರು ಆರಿಸುವುದು ಎಂಬುದಾಗಿತ್ತು.

ಮಾಘದಲ್ಲಿ ಆ ಮನೆಯ ಕಿರಿಯ ಮಗನಿಗೆ ಮದುವೆಯಾಯಿತು. ಅಬ್ಬಿಗೆರೆಯ ಹುಡುಗಿ, ಒಳ್ಳೆಯವಳು, ಕಣ್ಣು ಚುರುಕು. ಬಂದ ವಾರದಲ್ಲೇ ಮೊರ ಅವಳ ಮುಂದೆ ಹೋಯಿತು. ಸೂಜಿ, ಮುಳ್ಳು, ಹೇನು, ದ್ರಾಕ್ಷಿ ಎಲ್ಲವೂ ಅವಳ ಪಾಲಿಗೆ. ಆವತ್ತು ಅಕ್ಕ ಗೋಡೆಯ ಹತ್ತಿರ ಬಂದಾಗ ಅವಳ ಮುಖ ನೋಡಬೇಕಿತ್ತು. ಇನ್ನು ಐದು ಗಂಟೆಯೂ ನನ್ನದೇ ಎಂದು ಪಿಸುಗುಟ್ಟಿದಳು. ಬೆಳಿಗ್ಗೆ ಮರೆತುಹೋದ ಓದನ್ನು ಒಂದಿಷ್ಟು ಕಲಿಸು, ಸಂಜೆ ಏರಿಗೆ ಹೋಗೋಣ, ಒಂದು ದಿನ ಜಕ್ಕೂರಿಗೇ ಹೋಗಿ ಬೇಲಿಯಾಚೆ ನಿಂತು ವಿಮಾನ ಇಳಿಯುವುದನ್ನು ನೋಡೋಣ ಎಂದು ಅವಳು ಲೆಕ್ಕ ಹಾಕಿದ್ದೇ ಹಾಕಿದ್ದು. ನಾನೂ ಪೆದ್ದಿಯ ಹಾಗೆ ಖುಷಿಪಟ್ಟೆ.

ಅದೇ ಹೊತ್ತಿಗೆ ಲೆನ್ಸ್ ಬಿಗಿಯಾಗತೊಡಗಿತು. ಹಾಕಿದ ಅರ್ಧ ಗಂಟೆಗೇ ನೋವು. ಅವಳ ಕಣ್ಣಿನ ಆಕಾರ ಮತ್ತಷ್ಟು ಬದಲಾಗಿದೆ, ಅಳತೆ ತೆಗೆದು ಹೊಸದು ಮಾಡಿಸಿದರೆ ಮೊದಲಿನಂತೆಯೇ ಹಾಕಿಕೊಳ್ಳಬಹುದು, ಇಂಥ ಕಣ್ಣಿಗೆ ಇದು ಮಾಮೂಲು ಎಂದು ಡಾಕ್ಟರು ಹೇಳಿ ಕಳಿಸಿದರು. ಕಳಿಸಿದ್ದು ಮತ್ತೆ ಅವಳ ಗಂಡನ ಬಾಯಲ್ಲಿ.

ವಾರ ಕಳೆಯಿತು, ತಿಂಗಳು ಕಳೆಯಿತು. ದಂಡಿಗೆ ಹೋಗುವ ಮಾತೇ ಇಲ್ಲ. ಕೊನೆಗೆ ತಡೆಯಲಾರದೆ ನಾನೇ ಹೋಗಿ ಅತ್ತೆಯನ್ನು ಕೇಳಿದೆ. ಅಂಗಳದಲ್ಲಿ ದ್ರಾಕ್ಷಿಯ ಬುಟ್ಟಿಗಳಿಗೆ ಒಣಹುಲ್ಲು ಹಾಸುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು: "ಅವ್ಳಿಗೆ ಇನ್ ಯಾಕವ್ವ ಅದು? ಕಣ್ಣಿನ ಕೆಲ್ಸಕ್ಕೆ ಚಿಕ್ಕೋಳು ಬಂದವ್ಳಲ್ಲ."

ನಾನು ಸುಮ್ಮನೆ ಬರಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಕಣ್ಣು ಅವಳದು, ಬೇಕೋ ಬೇಡವೋ ಅವಳನ್ನು ಕೇಳಿ, ಬೇಡವೆಂದರೆ ಬಿಡಿ, ಆದರೆ ಕೇಳಿ ಎಂದೆ. ಪಡಸಾಲೆಯಲ್ಲಿ ಕೂತಿದ್ದ ಅವಳ ಗಂಡ ಎದ್ದು ಒಳಗೆ ಹೋದ. ಅವನು ಕುಡುಕನಲ್ಲ, ಹೆಂಡತಿಯನ್ನು ಹೊಡೆದವನಲ್ಲ. ಊರಲ್ಲಿ ಸಾಧು ಎಂದು ಹೆಸರಿತ್ತು. ಅಂಥ ಸಾಧುತನಕ್ಕೆ ಬೆಂಕಿ ಬೀಳಲಿ. ಅತ್ತೆ ಮಾತ್ರ ತಲೆಯೆತ್ತಿ, ಬಾಡಿಗೆಯವರು ಬಾಡಿಗೆಯವರ ಹಾಗೆ ಇದ್ದರೆ ಚೆಂದ ಎಂದರು.

ಸಂಜೆ ಅಕ್ಕ ಗೋಡೆಯ ಹತ್ತಿರ ಬಂದಳು. ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಳು. ನಾನು ಜಗಳವಾಡಿದ್ದಕ್ಕೆ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ನಾನೂ ಕೇಳ್ದೆ ಕಣೆ ಅವ್ರುನ್ನ. ನೋಡಕ್ಕೆ ಬೇಕು ಅಂದೆ. ಏನ್ ನೋಡಕ್ಕೆ ಅಂದ್ರು. ಸುಮ್ಕೆ ಅಂದೆ. ನಕ್ಬುಟ್ರು."

ಅಷ್ಟೇ ಹೇಳಿದಳು. ಅವಳ ಗಂಡ ನಕ್ಕದ್ದು ಪ್ರೀತಿಯಿಂದಲೇ ಇರಬೇಕು, ಮಕ್ಕಳು ಚಂದಮಾಮ ಬೇಕು ಎಂದಾಗ ನಗುತ್ತೇವಲ್ಲ ಹಾಗೆ. ಮೂರು ಹೆತ್ತ ಹೆಂಗಸು ಅವನ ಪಾಲಿಗೆ ಮಗುವಾಗಿದ್ದಳು, ಅವನ ತಾಯಿಯ ಪಾಲಿಗೆ ಕತ್ತರಿಯಾಗಿದ್ದಳು.

ಯುಗಾದಿಗೆ ಮುಂಚೆ ಮನೆ ಖಾಲಿ ಮಾಡಿ ಎಂದು ನಮಗೆ ಹೇಳಿ ಕಳಿಸಿದರು. ಯಶವಂತಪುರಕ್ಕೆ ಹೋದೆವು. ಆಮೇಲೆ ಅಕ್ಕನನ್ನು ನೋಡಿದ್ದು ಅಪರೂಪ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ನನ್ನ ಧ್ವನಿ ಕೇಳಿ ಮುಖವನ್ನು ಓರೆ ಮಾಡಿ ತಿರುಗಿಸುವಳು. ಕೊನೆಕೊನೆಗೆ ಎದುರಿನ ಗೋಡೆಯೂ ಕಾಣದೆ, ಹಗಲು ಸಂಜೆಯ ವ್ಯತ್ಯಾಸವಷ್ಟೇ ತಿಳಿಯುತ್ತಿತ್ತಂತೆ. ಕಣ್ಣಿಗೆ ಹೊಸ ಹೊಸ ಚಿಕಿತ್ಸೆಗಳು ಬಂದ ಕಾಲದಲ್ಲೂ ಆಕೆ ಬದುಕಿದ್ದಳು. ಆಗಲೂ ಯಾರೂ ಕರೆದುಕೊಂಡು ಹೋಗಲಿಲ್ಲ. ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಥಿ ಮುಗಿದ ಮೇಲೆ.

ಆಸ್ಪತ್ರೆಯಿಂದ ಬಂದ ವಾರದಲ್ಲೇ, ಏನು ಕಾಕತಾಳೀಯವೋ, ಆ ಮನೆಯ ಚಿಕ್ಕ ಸೊಸೆಯ ಮಗ ನಮ್ಮ ಮನೆಗೆ ಬಂದಿದ್ದ. ಈಗ ಅವನು ಬಿಲ್ಡರು, ಅವನ ತಲೆಯೂ ನರೆತಿದೆ. ದ್ರಾಕ್ಷಿತೋಟವಿದ್ದ ಜಾಗದಲ್ಲಿ ಹದಿನೆಂಟು ಮಹಡಿ ಎಬ್ಬಿಸಿದ್ದಾನೆ, ಅದರ ತುದಿಯಲ್ಲಿ ತನಗೊಂದು ಮನೆ ಮಾಡಿಕೊಂಡಿದ್ದಾನೆ, ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದ. ಬಾಲ್ಕನಿಯಲ್ಲಿ ನಿಂತರೆ ಕೆರೆ, ಜಕ್ಕೂರು ಎಲ್ಲ ಕಾಣುತ್ತದೆ, ವ್ಯೂ ಸೂಪರಾಗಿದೆ ಎಂದು ಹೇಳಿಕೊಂಡ. ನನ್ನ ಕಣ್ಣಿನ ಔಷಧಿಯ ಬಾಟಲಿ ನೋಡಿ, ಮಾತಿಗೆ ಮಾತು ಬಂದು ಹೇಳಿದ: "ನಮ್ ದೊಡ್ಡಮ್ಮಂಗೆ ಆ ಕಾಲದಲ್ಲೇ ಲೆನ್ಸ್ ಹಾಕ್ಸಿದ್ರಂತೆ ಕಣಮ್ಮ ನಮ್ಮೋರು. ಅಷ್ಟು ಮುಂದಿದ್ರು. ಪಾಪ, ದೊಡ್ಡಮ್ಮಂಗೇ ಅದು ಒಗ್ಗಲಿಲ್ಲ."

ಅವರ ಮನೆಯಲ್ಲಿ ಉಳಿದಿರುವ ಕಥೆ ಅದು. ಇನ್ನು ಮುಂದೆಯೂ ಅದೇ ಉಳಿಯುತ್ತದೆ.

"ಅವಳಿಗೆ ಒಗ್ಗಿತ್ತಪ್ಪ" ಎಂದೆ. "ನಿಮ್ಮನೆಯವರಿಗೆ ಒಗ್ಗಲಿಲ್ಲ."

ಅವನು ಹೌದಾ ಎಂದು ತಲೆಯಾಡಿಸಿ ಕಾಫಿ ಮುಗಿಸಿದ. ಊಟಕ್ಕೆ ಮನೆಯಿಂದ ಎಷ್ಟು ಜನ ಬರುತ್ತೀರಿ ಎಂದು ಕೇಳಿದ.

ಗೃಹಪ್ರವೇಶಕ್ಕೆ ನಾನು ಹೋಗಲಿಲ್ಲ. ಆವತ್ತು ಅವನು ಹೊರಟ ಮೇಲೆ ಬಾಗಿಲು ಹಾಕಿಕೊಂಡು ಬಂದು ಅಕ್ಕನಿಗಾಗಿ ಅತ್ತುಬಿಟ್ಟೆ. ಇಷ್ಟು ವರ್ಷದಲ್ಲಿ ಅತ್ತದ್ದು ಅದೇ ಮೊದಲು. ಅಲ್ಲಿಯವರೆಗೂ ಬರೀ ಸಿಟ್ಟೇ ಇತ್ತು.